ನೀಲವ್ವನ ಹಂಪು, ನೀಲವ್ವನ ಬಸ್ಸು

ಬಸ್ ನಿಲ್ದಾಣ ಕಟ್ಟಿಸುವವರು ಬಸ್ಸಿನಲ್ಲಿ ಓಡಾಡುವುದಿಲ್ಲ. ನಾನಿದನ್ನು ದೂರಾಗಿ ಹೇಳುತ್ತಿಲ್ಲ. ಜೀಪು ಕೊಟ್ಟರೆ ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗೂ ಇರಲಿಲ್ಲ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ಕಡೆ ನಿಲ್ದಾಣ, ತಂಗುದಾಣ, ಡಿಪೋದ ಅಂಗಳ, ಬಸ್ಸು ತಿರುಗಿಸುವ ಜಾಗ, ಬಸ್ಸು ಓಡುವ ಊರ ರಸ್ತೆ ಇಂಥವನ್ನೇ ಕಟ್ಟಿಸುತ್ತ ನನ್ನ ನೌಕರಿ ಮುಗಿಯಿತು. ಈಗ ಮುಂಡಗೋಡದಲ್ಲಿ ಮನೆ ಮಾಡಿಕೊಂಡಿದ್ದೇನೆ. ಜೀಪು ಇಲ್ಲ. ನಾನು ಕಟ್ಟಿಸಿದ ಬೆಂಚಿನ ಮೇಲೆ ಕೂತು ಬಸ್ಸಿಗೆ ಕಾಯುವಾಗ ಅದರ ಅಂಚು ಬೆನ್ನಿಗೆ ಒತ್ತುವುದು ಗೊತ್ತಾಗುತ್ತದೆ.

ಹೋದ ತಿಂಗಳು ನನ್ನ ಹಳೆಯ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹೆಣ್ಣುಮಕ್ಕಳು ಮನೆಗೆ ಬಂದಿದ್ದರು. ಇಬ್ಬರೂ ಇಂಜಿನಿಯರರು, ಇಬ್ಬರೂ ಚುರುಕು.

“ಮೇಡಂ, ಸುಸ್ಥಿರ ನಗರ ಸಾರಿಗೆಯಲ್ಲಿ ಬಂಡವಾಳ ಹೂಡಿಕೆ ಅಂತ ನಮಗ ತರಬೇತಿ ಆತ್ರಿ. ನಿಮ್ಮ ಕಾಲದಾಗ ಅದು ಹೆಂಗಿತ್ತು ಹೇಳ್ರಿ” ಎಂದರು.

ನಮ್ಮ ಕಾಲದಲ್ಲಿ ಅದಕ್ಕೆ ಇಷ್ಟು ಉದ್ದದ ಹೆಸರು ಇರಲಿಲ್ಲ. ಚಹಾ ಆರುವವರೆಗೂ ಮಾತಾಡಿದೆ. ಅರ್ಧ ಹೇಳುವಷ್ಟರಲ್ಲಿ ಅವರ ಬಸ್ಸಿನ ಹೊತ್ತಾಯಿತು, ಎದ್ದು ಓಡಿದರು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆಗಳ ಕತೆ ಇದರಲ್ಲಿ ಇಲ್ಲ, ಅವುಗಳಿಂದ ಯಾರಿಗೂ ಏನೂ ಕಲಿಯಲು ಬರುವುದಿಲ್ಲ.

ಮೊದಲು ಜೋಯಿಡಾದ ತಂಗುದಾಣಗಳ ಸಂಗತಿ. ಆಗಿನಿಂದ ಕೊನೆಯವರೆಗೂ ನನ್ನ ಮೇಲಧಿಕಾರಿ ದೇಸಾಯಿ ಸಾಹೇಬರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಹುದ್ದೆಯಲ್ಲಿ ದೊಡ್ಡವರು. ಮೇಲಿನಿಂದ ಒಂದೇ ಮಾದರಿಯ ನಕ್ಷೆ ಬಂದಿತ್ತು: ಮೂರು ಕಡೆ ಗೋಡೆ, ರಸ್ತೆಯ ಕಡೆ ಬಯಲು. ಅದರಂತೆ ಕಟ್ಟಿಸಿದೆವು. ಜೋಯಿಡಾದ ಮಳೆ ಗಾಳಿಯ ಜೊತೆ ಅಡ್ಡಡ್ಡ ಬರುತ್ತದೆ. ನಾವು ಕಟ್ಟಿಸಿದ ಒಂದು ತಂಗುದಾಣದ ಬಯಲು ಬಾಯಿ ಸರಿಯಾಗಿ ಮಳೆ ಬರುವ ದಿಕ್ಕಿಗೇ ಇತ್ತು. ಆಷಾಢದಲ್ಲಿ ನೋಡಲು ಹೋದರೆ ಒಳಗೆ ಎರಡು ಆಡು ಮಾತ್ರ ನೆನೆಯುತ್ತ ನಿಂತಿದ್ದವು. ಜನರೆಲ್ಲ ಹಿಂದಿನ ಗೋಡೆಗೆ ಆನಿಕೊಂಡು ಹೊರಗೆ ನಿಂತಿದ್ದರು. ಗೆಡ್ಡೆಗಳ ಚೀಲ ಇಟ್ಟುಕೊಂಡಿದ್ದ ಒಬ್ಬ ಮುದುಕ ನನ್ನನ್ನು ಕಂಡು ಸಂತೋಷಪಟ್ಟ.

“ಬಾಯಾರ, ಛಲೋ ಕಟ್ಟಸೀರಿ ನೋಡ್ರಿ. ಇದರ ಹಿಂದ ನಿಂತ್ರ ಒಂದ ಹನಿ ಬೀಳೂದಿಲ್ಲ” ಎಂದ. ಅವನು ಕುಚೋದ್ಯ ಮಾಡುತ್ತಿರಲಿಲ್ಲ, ನಿಜವಾಗಿಯೂ ಗೋಡೆ ಅದಕ್ಕೇ ಇದೆ ಎಂದುಕೊಂಡಿದ್ದ.

ದೇಸಾಯಿ ಸಾಹೇಬರಿಗೆ ಹೇಳಿದೆ.

“ಮೇಡಂ, ನಕ್ಷಾದಾಗ ಬಯಲು ಯಾವ ಕಡೆ ಐತ್ರಿ?”

“ರಸ್ತೆ ಕಡೆ ರೀ.”

“ಮಳಿ ಎಲ್ಲಿಂದ ಬರ್ತೈತಿ ಅಂತ ಅದರಾಗ ಬರದಾರೇನು?”

“ಇಲ್ರಿ.”

“ಹಂಗಾದ್ರ ತಪ್ಪು ಮಳೀದು.”

ಮುಖದ ಮೇಲೆ ನಗೆಯ ಸುಳಿವೂ ಇರಲಿಲ್ಲ. ಆದರೆ ಮುಂದಿನ ಸಲ ನಾನು ಗೋಡೆಯನ್ನು ಇನ್ನೊಂದು ಕಡೆಗೆ ಎಳೆದು ಬರೆದ ಕಾಗದಕ್ಕೆ, “ನಾ ಏನೂ ನೋಡಿಲ್ಲ” ಎನ್ನುತ್ತಲೇ ಸಹಿ ಹಾಕಿದರು. ಅವರು ಹೂಂ ಎನ್ನುವ ರೀತಿ ಅದೇ ಆಗಿತ್ತು. ಅದನ್ನು ತಿಳಿದುಕೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಹಳಿಯಾಳದಲ್ಲಿ ನಿಲ್ದಾಣದ ನೆಲಕ್ಕೆ ಮಿರಮಿರ ಮಿಂಚುವ ಟೈಲ್ಸ್ ಹಾಕಿಸಿದರು. ಉದ್ಘಾಟನೆಯ ಫೋಟೋದಲ್ಲಿ ಬಂದವರ ಮುಖ ನೆಲದಲ್ಲೂ ಕಾಣುತ್ತಿತ್ತು. ಮೊದಲ ಮಳೆಗೆ ಸಂತೆಯ ಹೆಂಗಸರು ಕಾಯಿಪಲ್ಲೆಯ ಬುಟ್ಟಿ ಸಮೇತ ಜಾರತೊಡಗಿದರು. ನಿಲ್ದಾಣದವರು ಗೋಣಿಚೀಲ ತಂದು ಉದ್ದಕ್ಕೂ ಹಾಸಿದರು. ಮುಂದೆ ಎಷ್ಟೋ ದಿನ ಆ ನಿಲ್ದಾಣ ಚೀಲ ಹೊದ್ದುಕೊಂಡೇ ಇತ್ತು, ಟೈಲ್ಸ್ ಕಂಡದ್ದು ಬೇಸಿಗೆಯಲ್ಲಿ ಮಾತ್ರ.

ಕೆಲಸದ ರೀತಿ ಬದಲಾದದ್ದನ್ನೂ ಹೇಳಬೇಕು. ಮೊದಲು ತಂಗುದಾಣಕ್ಕೆ ಜಾಗ ಹುಡುಕುವಾಗ ಒಂದು ಬೆಳಿಗ್ಗೆ ಹೋಗಿ ಸುಮ್ಮನೆ ನಿಲ್ಲುತ್ತಿದ್ದೆವು. ಜನ ಎಲ್ಲಿ ಗುಂಪಾಗುತ್ತಾರೆ, ಯಾವ ಮರದ ಕೆಳಗೆ ಚೀಲ ಇಡುತ್ತಾರೆ ಎಂದು ನೋಡುತ್ತಿದ್ದೆವು. ಈಗ ಡ್ರೋನ್ ಹಾರಿಸುತ್ತಾರೆ. ಅದರಲ್ಲಿ ಮರ ಚೆನ್ನಾಗಿ ಕಾಣುತ್ತದೆ, ಮರದ ಕೆಳಗೆ ನಿಂತವರು ಕಾಣುವುದಿಲ್ಲ. ನಾನು ಡ್ರೋನಿನ ವಿರೋಧಿ ಅಲ್ಲ, ಬಿಸಿಲಲ್ಲಿ ಚೈನು ಎಳೆದು ಅಳೆದ ಕಾಲವನ್ನು ಹೊಗಳುವ ಹುಚ್ಚೂ ನನಗಿಲ್ಲ. ಹಾರಿಸಿದ ಮೇಲೆ ಒಮ್ಮೆ ಹೋಗಿ ನಿಂತು ಬನ್ನಿ ಎಂದಷ್ಟೇ ಆ ಹುಡುಗಿಯರಿಗೆ ಹೇಳಿದೆ.

ಇನ್ನು ಮುಂಡಗೋಡದ ಬಸ್ಸು. ನಿಜವಾಗಿ ನಾನು ಬರೆಯಲು ಕೂತದ್ದು ಇದನ್ನೇ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ಸಣ್ಣ ಪಟ್ಟಣಗಳಿಗೆ ಬ್ಯಾಟರಿ ಬಸ್ಸು ಎಂಬ ಯೋಜನೆ ಬಂತು. ಹೊಗೆ ಇಲ್ಲ, ಸದ್ದಿಲ್ಲ. ನಮ್ಮ ನಾಲ್ಕು ತಾಲೂಕುಗಳಿಗೆಂದು ಒಂದೇ ಬಸ್ಸು ಪರೀಕ್ಷೆಗೆ ಬಂತು, ಅದನ್ನು ಮುಂಡಗೋಡಕ್ಕೆ ಕೊಟ್ಟರು. ನಿಲ್ದಾಣದ ಮೂಲೆಯಲ್ಲಿ ಚಾರ್ಜಿಂಗ್ ಶೆಡ್ಡು ಕಟ್ಟಿಸುವ ಕೆಲಸ ನನ್ನದು. ಬಸ್ಸು ಟಿಬೆಟನ್ ಕಾಲೊನಿಗೆ, ಸನವಳ್ಳಿಗೆ, ಚಿಗಳ್ಳಿಗೆ ಸುತ್ತು ಹಾಕಬೇಕು. ಕೆಲವು ತಿಂಗಳು ಓಡಿಸಿ ನೋಡುವುದು, ಎಲ್ಲ ಸುತ್ತುಗಳೂ ನೆಟ್ಟಗೆ ನಡೆದರೆ ಬಸ್ಸು ಇಲ್ಲೇ ಉಳಿಯುವುದು, ಇಲ್ಲವಾದರೆ ವಾಪಸ್ಸು ಹೋಗುವುದು ಎಂಬ ಕರಾರು. ಚಾಲಕ ದಸ್ತಗೀರ್. ಕೆಂಪು ಬಸ್ಸಿನ ಗೇರಿನೊಂದಿಗೆ ಗುದ್ದಾಡಿ ಭುಜ ಸವೆಸಿಕೊಂಡವನು, ಗೇರೇ ಇಲ್ಲದ ಬಸ್ಸು ಕಂಡು ಹೊಸ ಅಳಿಯನಂತೆ ಶಿಸ್ತಾಗಿ ಕೂತಿದ್ದ.

ನಮ್ಮ ಕಡೆ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಒಗೆದು ಸೀಟು ಹಿಡಿಯುವ ರೂಢಿ ಇದೆ. ಟವೆಲ್ ಬಿದ್ದ ಸೀಟಿನಲ್ಲಿ ಇನ್ನೊಬ್ಬರು ಕೂಡುವಂತಿಲ್ಲ. ಈ ಬಸ್ಸಿನ ಕಿಟಕಿಗೆ ಪೂರ್ತಿ ಗಾಜು, ತೆರೆಯಲು ಬರುವುದಿಲ್ಲ. ಮೊದಲ ದಿನ ತಲೆಗೆ ಪಟಕಾ ಸುತ್ತಿದ್ದ ಒಬ್ಬ ರೈತ ಅಭ್ಯಾಸದಂತೆ ಟವೆಲ್ ಬೀಸಿ ಒಗೆದ. ಅದು ಗಾಜಿಗೆ ಬಡಿದು ಅವನ ಕಾಲ ಬಳಿಯೇ ಬಿತ್ತು. ಗಾಜಿನೊಳಗಿನಿಂದ ಕಾಲೊನಿಯ ಒಬ್ಬ ವಯಸ್ಸಾದ ಭಿಕ್ಷು ನಕ್ಕುಬಿಟ್ಟರು. ರೈತ ಟವೆಲ್ ಕೊಡವಿಕೊಂಡು, “ಏನ್ ಬಸ್ಸೋ ಮಾರಾಯಾ, ಒಂದ್ ಟವಲ್ ಹಿಡಿಯೂದಿಲ್ಲ” ಎನ್ನುತ್ತ ಹತ್ತಿದ.

ಅವನ ಹಿಂದೆ ಹತ್ತಿದವಳು ನೀಲವ್ವ. ಚಿಗಳ್ಳಿಯವಳು, ಮೂವತ್ತರ ಆಚೀಚೆ ವಯಸ್ಸು. ನಿಲ್ದಾಣದ ಎದುರಿನ ಓಣಿಯಲ್ಲಿ ಅವಳ ಹೊಲಿಗೆ ಅಂಗಡಿ. ಜಂಪರು, ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು, ಕಾಲೊನಿಯ ಹೆಂಗಸರ ಉದ್ದ ಅಂಗಿಗೂ ಕೈ ಹಾಕುತ್ತಿದ್ದಳು. ನನ್ನ ಜಂಪರುಗಳೂ ಅವಳಲ್ಲೇ. ಅವಳ ಎಡಗಾಲು ಮಂಡಿಯಲ್ಲಿ ಬಗ್ಗುವುದಿಲ್ಲ, ಕೋಲು ಹಿಡಿದು ನಡೆಯುತ್ತಾಳೆ. ಕೆಂಪು ಬಸ್ಸಿನ ಮೆಟ್ಟಿಲು ಅವಳಿಗೆ ಎತ್ತರ. ಬೆಳಿಗ್ಗೆ ಊರಲ್ಲಿ ಅಪ್ಪ ಚನ್ನಬಸಪ್ಪ ಎತ್ತಿ ಹತ್ತಿಸಬೇಕು, ಸಂಜೆ ಇಲ್ಲಿ ಕಂಡಕ್ಟರೋ ಮತ್ಯಾರೋ ಜಗ್ಗಬೇಕು. ಒಮ್ಮೆ ನನ್ನ ಅಳತೆ ತೆಗೆಯುತ್ತ ಟೇಪನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದ್ದಳು:

“ಎಲ್ಲಾರೂ ಪುಣ್ಯಾ ಬರ್ಲಿ ಅಂತ ಕೈ ಹಾಕ್ತಾರ್ರಿ ಅಕ್ಕಾರ. ಒಬ್ರು ರಟ್ಟಿ ಹಿಡದ್ ಜಗ್ಗತಾರ, ಒಬ್ರು ಬಗಲಾಗ ಕೈ ಕೊಡ್ತಾರ. ನಾ ಏನ್ ಜ್ವಾಳದ ಚೀಲೇನ್ರಿ?”

ಬ್ಯಾಟರಿ ಬಸ್ಸಿನ ನೆಲ ತಗ್ಗು. ಬಾಗಿಲಲ್ಲಿ ಮೆಟ್ಟಿಲೇ ಇಲ್ಲ. ಆ ದಿನ ನೀಲವ್ವ ಕೋಲನ್ನು ಒಳಗೆ ಊರಿದಳು, ಬಲಗಾಲು ಇಟ್ಟಳು, ಎಡಗಾಲನ್ನು ಎಳೆದುಕೊಂಡಳು. ಅಷ್ಟೇ, ಒಳಗೆ ಹೋಗಿದ್ದಳು. ಕಂಡಕ್ಟರು ರೂಢಿಯಂತೆ ಕೈ ಚಾಚಿಕೊಂಡು ಬಂದ.

“ಕೈ ತಗೀರಿ” ಎಂದಳು.

ಆ ಸಂಜೆ ಅವಳು ಕಾಲೊನಿಯ ಸುತ್ತನ್ನೂ ಮಾಡಿ ಬಂದಳಂತೆ, ಅಲ್ಲಿ ಏನೂ ಕೆಲಸವಿರಲಿಲ್ಲ. ಮರುದಿನ ಅಂಗಡಿಗೆ ಹೋದಾಗ ಮಿಷನ್ ತುಳಿಯುವುದನ್ನು ನಿಲ್ಲಿಸಿ ವಿಷಯ ಹೇಳಿದಳು. ಅಪ್ಪನ ನಡು ಹೋಗಿದೆ, ಇನ್ನು ಎತ್ತಲಾರ. ಅಂಗಡಿ ಮುಚ್ಚಿ ಮನೆಯಲ್ಲೇ ಹೊಲಿ ಎಂದು ಅಣ್ಣ ಹಟ ಹಿಡಿದಿದ್ದಾನೆ.

“ಅಳತಿ ಕೊಡಾಕ ಚಿಗಳ್ಳಿತನಕ ಯಾರು ಬರ್ತಾರ್ರಿ? ಮನ್ಯಾಗ ಕುಂತ್ರ ಕುಂತಂಗನ. ಈ ಬಸ್ ಉಳದ್ರ ನನ್ನ ಅಂಗಡಿ ಉಳೀತೈತ್ರಿ.”

ಅಲ್ಲಿಯವರೆಗೆ ಆ ಬಸ್ಸು ನನಗೆ ಒಂದು ಶೆಡ್ಡಿನ ಕೆಲಸವಾಗಿತ್ತು. ಆಮೇಲೆ ಅದು ಹೊತ್ತಿಗೆ ಸರಿಯಾಗಿ ಬಂತೇ ಎಂದು ಕಿಟಕಿಯಿಂದ ನೋಡುವ ಚಟ ಹತ್ತಿತು.

ಸುಗ್ಗಿ ಬಂತು. ಆ ವರ್ಷವೇ ನಾವು ಚಿಗಳ್ಳಿಯ ರಸ್ತೆಗೆ ಹೊಸ ಡಾಂಬರು ಹಾಕಿಸಿದ್ದೆವು. ನುಣ್ಣನೆಯ ಕರಿ ರಸ್ತೆ, ಮೇಲೆ ಬಿಸಿಲು. ಇಂಥ ಕಣ ಯಾರಿಗೆ ಸಿಗುತ್ತದೆ? ರೈತರು ಅರ್ಧ ರಸ್ತೆಗೆ ಗೋವಿನಜೋಳ ಹರವಿದರು, ಅಂಚಿಗೆ ಕಲ್ಲು ಇಟ್ಟರು. ದಸ್ತಗೀರ್ ಬಂದು ಕೇಳಿದ, “ಮೇಡಂ, ಇದು ರೋಡ್ ಐತೋ ಕಣಾ ಐತೋ ಒಂದ್ ಹೇಳ್ರಿ. ಹಂಗ ಬಸ್ ಹೊಡೀತೇನಿ.” ಊರಿನವರನ್ನು ಕೂಡಿಸಿ ಮಾತಾಡಿದೆವು. ಕಲ್ಲು ಇಡಬಾರದು, ಒಂದೇ ಮಗ್ಗುಲಿಗೆ ಹರವಬೇಕು, ಬಸ್ಸಿನ ಹೊತ್ತಿಗೆ ಒಬ್ಬರು ನಿಂತಿರಬೇಕು ಎಂದು ಒಪ್ಪಂದವಾಯಿತು. ಗೋವಿನಜೋಳದ ಗಲಾಟೆ ಅಲ್ಲಿಗೆ ಮುಗಿಯಿತು. ಹಂಪಿನದು ಅಷ್ಟು ಸಲೀಸಾಗಿ ಮುಗಿಯಲಿಲ್ಲ.

ಚಿಗಳ್ಳಿಯೊಳಗೆ ಗಾಡಿಗಳ ವೇಗ ತಡೆಯಲು ರಸ್ತೆಗೆ ಅಡ್ಡವಾಗಿ ಹಾಕಿದ ಒಂದು ಹಂಪು ಇತ್ತು. ಇಲಾಖೆ ಹಾಕಿದ್ದಲ್ಲ, ಊರವರೇ ಗರಸುಮಣ್ಣು ಸುರಿದು ಬಡಿದು ಕೂರಿಸಿದ್ದು. ಡಾಂಬರು ಹಾಕುವಾಗ ಗುತ್ತಿಗೆದಾರ ಅದರ ನೆತ್ತಿ ಕೆರೆದು ತೆಗೆದರೆ ಮರುದಿನ ಮತ್ತೆ ಎದ್ದಿತ್ತು. ಕತ್ತೆಯ ಬೆನ್ನಿನಂತೆ ಎತ್ತರ, ಕಿರಿದು. ತಗ್ಗು ನೆಲದ ಬಸ್ಸು ಅದರ ಮೇಲೆ ಹೊಟ್ಟೆ ಉಜ್ಜುತ್ತಿತ್ತು, ಬ್ಯಾಟರಿಯ ಪೆಟ್ಟಿಗೆಗಳೂ ಆ ಬಸ್ಸಿಗೆ ಕೆಳಗಡೆಯೇ. ದಸ್ತಗೀರ್ ಮೊದಮೊದಲು ಎಲ್ಲರನ್ನೂ ಇಳಿಸಿ, ಬಸ್ಸು ಹಗುರ ಮಾಡಿ ದಾಟಿಸಿ, ಆಚೆ ಮತ್ತೆ ಹತ್ತಿಸಿಕೊಳ್ಳುತ್ತಿದ್ದ. ನೀಲವ್ವನೊಬ್ಬಳನ್ನು ಇಳಿಸುತ್ತಿರಲಿಲ್ಲ. ಒಂದು ದಿನ ಕೆಳಗಿನ ಹೊದಿಕೆ ಸೀಳಿತು. ಬಸ್ಸು ಕೊಟ್ಟ ಕಂಪನಿಯವರು ಫೋಟೋ ತೆಗೆದುಕೊಂಡು ಹೋದರು. ಹಂಪು ತೆಗೆಯಿರಿ, ಇಲ್ಲವೇ ಚಿಗಳ್ಳಿಯ ಸುತ್ತು ನಿಲ್ಲಿಸಿರಿ ಎಂದು ಮೇಲಿನಿಂದ ಆದೇಶ ಬಂತು. ಹಂಪಿನ ಈಚೆ ಬಸ್ಸು ತಿರುಗಲು ಜಾಗವಿಲ್ಲ. ಆಚೆ ಶಾಲೆಯ ಬಯಲಲ್ಲಿ ತಿರುಗಬೇಕು, ನೀಲವ್ವನ ಮನೆಯೂ ಅಲ್ಲೇ.

ರಸ್ತೆ ಕೆಲಸದ ಗ್ಯಾಂಗಿನವರನ್ನು ಗುದ್ದಲಿ, ಪಿಕಾಸಿ ಸಮೇತ ಟ್ರ್ಯಾಕ್ಟರಿನಲ್ಲಿ ಹತ್ತಿಸಿಕೊಂಡು ಚಿಗಳ್ಳಿಗೆ ಹೋದೆ. ಹಂಪಿನ ಮೇಲೆ ನಟ್ಟನಡುವೆ ಒಬ್ಬ ಮುದುಕಿ ಮೊರ ಇಟ್ಟುಕೊಂಡು ತೊಗರಿಬೇಳೆ ಆರಿಸುತ್ತ ಕೂತಿದ್ದಳು. ನಮ್ಮ ಕಡೆ ತಲೆ ಎತ್ತಲಿಲ್ಲ.

“ಯವ್ವಾ, ಇಲ್ಯಾಕ ಕುಂತೀರಿ? ಸ್ವಲ್ಪ ಸರೀರಿ” ಎಂದೆ.

“ನನ್ನ ಜಾಗಾ ಐತಿ, ಕುಂತೇನಿ.”

“ರಸ್ತಾ ಸರಕಾರದ್ದು ಬೇ.”

“ರಸ್ತಾ ಸರಕಾರದ್ದು. ಇದು ನಂದು.”

ಅವಳು ಗೌರವ್ವ, ನೀಲವ್ವನ ತಾಯಿ ಎಂದು ಗ್ಯಾಂಗಿನವನೊಬ್ಬ ಕಿವಿಯಲ್ಲಿ ಹೇಳಿದ. ಅಷ್ಟರಲ್ಲಿ ಚನ್ನಬಸಪ್ಪ ನಡುವಿಗೆ ಕೈ ಇಟ್ಟುಕೊಂಡು ಬಂದ. ಹಣೆಗೆ ವಿಭೂತಿ, ಹೆಗಲ ಮೇಲೆ ಟವೆಲ್. ಜಗಳಕ್ಕೆ ಬಂದನೆಂದುಕೊಂಡೆ. ಅವನು ಮೆಲ್ಲನೆ ಮಾತಾಡಿದ.

“ಸಿಟ್ಟಾಗಬ್ಯಾಡ್ರಿ ಮೇಡಂ. ಹಿಂದ ಒಮ್ಮೆ ನಿಮ್ಮ ಮಂದಿನ ಈ ರೋಡ್ ಹೊಸಾದು ಮಾಡಿದ್ರಿ. ಅದಕ್ಕ ಮದ್ಲ ತೆಗ್ಗು ದಿನ್ನಿ ಇದ್ವು, ಗಾಡಿ ಹಗೂರ ಬರ್ತಿದ್ವು. ನುಣ್ಣಗ ಆದ ಮ್ಯಾಲ ಲಾರಿ ಹಾರಾಕ ಹತ್ತಿದ್ವು. ನಮ್ಮ ನೀಲಿ ಸಾಲಿಗೆ ಹೊಂಟಿತ್ರಿ. ಇಲ್ಲೇ, ಈಕಿ ಕುಂತಾಳಲ್ಲಾ, ಇದ ಜಾಗಾ.”

ಅವನು ಟವೆಲಿನಿಂದ ಬಾಯಿ ಒರೆಸಿಕೊಂಡ. “ಒಂದ್ ಹಂಪ್ ಹಾಕ್ರಿ ಅಂತ ಎಲ್ಲಾ ಕಡೆ ಅಡ್ಡಾಡಿದೆ. ಹಾಕ್ತೇವಿ ಅಂದ್ರು. ಕಡೀಕ ನಾನ ನನ್ನ ಚಕ್ಕಡಿಯೊಳಗ ಗರಸ ತಂದು ಹಾಕೇನ್ರಿ. ಮಳಿಗಾಲ ಬರೂದಕ್ಕ ಮದ್ಲ ವರ್ಷಾ ವರ್ಷಾ ಬಡೀತೇನಿ. ಅವತ್ತಿಂದ ಈ ಊರಾಗ ಒಂದ್ ಕೂಸಿಗೂ ಗಾಡಿ ಬಡದಿಲ್ರಿ.”

ನೀಲವ್ವ ನನಗೆ ಇದನ್ನು ಹೇಳಿರಲಿಲ್ಲ. “ಸಣ್ಣಾಕಿ ಇದ್ದಾಗ ಕಾಲು ಹೋತ್ರಿ” ಎಂದಷ್ಟೇ ಹೇಳಿದ್ದಳು, ಪೋಲಿಯೋ ಇರಬಹುದೆಂದು ನಾನು ತಿಳಿದಿದ್ದೆ. ರಸ್ತೆ ಚೆನ್ನಾಗಿ ಮಾಡುವುದೇ ನಮ್ಮ ಕೆಲಸ, ಚೆನ್ನಾಗಿ ಮಾಡಿದ ರಸ್ತೆ ಏನು ಮಾಡಿತು ಎಂದು ನೋಡಲು ಯಾರೂ ತಿರುಗಿ ಬಂದಿರಲಿಲ್ಲ. ಆ ಮುದುಕಿಯ ಎದುರು ನಿಂತು ನನಗೆ ಬಹಳ ಸಂಕಟವಾಯಿತು.

ದೇಸಾಯಿ ಸಾಹೇಬರಿಗೆ ಫೋನ್ ಮಾಡಿದೆ.

“ಪೊಲೀಸರನ್ನ ಕರಸೂಣೇನ್ರಿ?” ಎಂದರು.

“ಒಬ್ಬಾಕಿ ಮುದುಕಿ ಬ್ಯಾಳಿ ಆರಸಾಕ ಹತ್ಯಾಳ್ರಿ. ಏನಂತ ಕೇಸ್ ಹಾಕೂದು?”

“ಹಂಗಾದ್ರ ಆ ಸುತ್ತು ಬಂದ್ ಅಂತ ಬರದ್ ಕಳಸ್ರಿ” ಎಂದರು. ಸ್ವಲ್ಪ ದಿನ ಕೊಡಿ, ಅಲ್ಲಿಯವರೆಗೆ ಬಸ್ಸು ಚಿಗಳ್ಳಿಗೆ ಹೋಗುವುದು ಬೇಡ ಎಂದು ಕೇಳಿಕೊಂಡೆ. ಗ್ಯಾಂಗಿನವರನ್ನು ವಾಪಸ್ಸು ಕಳಿಸಿದೆ. ಅವರಿಗೇನೂ ಬೇಸರವಾಗಲಿಲ್ಲ.

ಮುಂಡಗೋಡಕ್ಕೆ ಬಂದು ನೇರ ನೀಲವ್ವನ ಅಂಗಡಿಗೆ ಹೋದೆ. ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಅವಳು ಒಂದೇ ಕಾಲಲ್ಲಿ ಮಿಷನ್ ತುಳಿಯುತ್ತಿದ್ದಳು.

“ಒಡೀರಿ ಅದನ್ನ” ಎಂದಳು.

“ನಿಮ್ಮವ್ವ ಅಲ್ಲಿ ಕುಂತಾಳಲ್ಲಾ ತಂಗಿ.”

ಸೂಜಿ ನಿಂತಿತು. ಬಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು: “ನಾ ದಿನಾ ಎದ್ದು ಅಂಗಡಿಗೆ ಬರ್ತೇನ್ರಿ, ದುಡೀತೇನಿ, ಮಂದಿ ಕೂಡ ಜಗಳಾನೂ ಆಡ್ತೇನಿ. ಅವ್ವಗ ಮಾತ್ರ ನಾ ಇನ್ನೂ ಆ ರೋಡಿನ ಮ್ಯಾಲ ಬಿದ್ದೇನಿ.”

ಅವಳು ಕಣ್ಣೊರೆಸಿಕೊಳ್ಳಲಿಲ್ಲ, ಮತ್ತೆ ತುಳಿಯತೊಡಗಿದಳು.

ತಾಂತ್ರಿಕವಾಗಿ ನೋಡಿದರೆ ಉತ್ತರ ಸುಲಭವೇ ಇತ್ತು. ಹಂಪು ಕಿರಿದಾಗಿ ಎತ್ತರವಾಗಿದ್ದರೆ ಬಸ್ಸಿನ ಹೊಟ್ಟೆ ತಾಗುತ್ತದೆ. ಅದೇ ಎತ್ತರವನ್ನು ಅಗಲಕ್ಕೆ ಹಂಚಿ, ಎರಡೂ ಕಡೆ ಇಳಿಜಾರು ಕೊಟ್ಟು, ಮೇಲೆ ಚಪ್ಪಟೆ ಮಾಡಿದರೆ ಬಸ್ಸು ಮೆಲ್ಲಗೆ ಹತ್ತಿ ಇಳಿಯುತ್ತದೆ. ಜೋರಾಗಿ ಬಂದ ಲಾರಿಗೆ ಮಾತ್ರ ಪೆಟ್ಟು ಬೀಳುತ್ತದೆ. ಜನ ಅದರ ಮೇಲೆಯೇ ದಾಟಬಹುದು. ದೊಡ್ಡ ನಗರಗಳಲ್ಲಿ ಇಂಥವು ಇವೆ. ನೀಲವ್ವನ ಸೀಮೆಸುಣ್ಣದಿಂದಲೇ ಅವಳ ಕತ್ತರಿಸುವ ಮೇಜಿನ ಮೇಲೆ ಬರೆದು ತೋರಿಸಿದೆ. “ಒಂದ ಕಡೆ ನಿರಿಗಿ ಹಿಡಿಯೂದು ಬಿಟ್ಟು ಸುತ್ತಾ ಹಂಚಿದಂಗ” ಎಂದಳು. ಹೌದು ಎಂದೆ. “ನನಗ ತಿಳೀತು. ಅವ್ವಗ ತಿಳಸ್ರಿ” ಎಂದಳು.

ಗೌರವ್ವನಿಗೆ ಚಿತ್ರ ಬೇಕಿರಲಿಲ್ಲ. “ಮದ್ಲ ನಿಮ್ಮದು ಕಟ್ಟರಿ. ನಾ ನೋಡ್ತೇನಿ. ಆಮ್ಯಾಲ ನಂದು ಒಡಿಯೂದೋ ಬಿಡೂದೋ ಹೇಳ್ತೇನಿ” ಎಂದಳು. ಇದ್ದ ಹಂಪಿಗೆ ಸ್ವಲ್ಪ ಮೊದಲು, ಲಾರಿಗಳು ಇಳಿಜಾರಿನಲ್ಲಿ ಬರುವ ಕಡೆ, ಹೊಸದನ್ನು ಕಟ್ಟಿಸಿದೆ. ಅದರ ಖರ್ಚು ದುರಸ್ತಿಯ ಬಾಬತ್ತಿನಲ್ಲಿ ಕೂತಿತು. ಬಿಳಿ ಪಟ್ಟೆ ಬಳಿಸಿದೆ. ಗೌರವ್ವ ಮೊರ ತೆಗೆದುಕೊಂಡು ರಸ್ತೆಯ ಬದಿಗೆ ಬಂದು ಕೂತಳು. ದಿನಾ ಕೂತಳು. ಗಾಡಿಗಳು ಬರುತ್ತಿದ್ದವು, ಪಟ್ಟೆ ಕಂಡು ಬ್ರೇಕು ಹಾಕುತ್ತಿದ್ದವು. ಅವಳು ಬೇಳೆ ಆರಿಸುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ನನಗೆ ಕೊಟ್ಟ ದಿನಗಳು ಮುಗಿಯುತ್ತ ಬಂದವು. ದಸ್ತಗೀರ್ ಸಂಜೆಗೊಮ್ಮೆ ಬಂದು, “ಮುದಿಕಿ ಏನಂದ್ಲು ಮೇಡಂ?” ಎಂದು ಕೇಳಿ ಹೋಗುತ್ತಿದ್ದ.

ನಾನು ಅಲ್ಲಿದ್ದಾಗಲೇ ಒಂದು ಮಧ್ಯಾಹ್ನ ಖಾಲಿ ಲಾರಿಯೊಂದು ಭರದಿಂದ ಬಂತು. ಚಾಲಕ ಹೊಸಬ, ಪಟ್ಟೆ ನೋಡಲಿಲ್ಲ. ಲಾರಿ ಧಡಾರ್ ಎಂದು ಎಗರಿ ಬಿತ್ತು, ಹಿಂದಿನ ಹಲಗೆ ಕಳಚಿ ನೇತಾಡಿತು, ಆಚೆ ಹೋಗುವಷ್ಟರಲ್ಲಿ ಲಾರಿ ತಾನಾಗಿ ನಿಂತಿತ್ತು. ಚಾಲಕ ಕೆಳಗಿಳಿದು ಹಂಪು ಕಟ್ಟಿದವರ ವಂಶವನ್ನೆಲ್ಲ ನೆನೆದ. ಆ ಬೈಗುಳ ನನಗೇ ಸಲ್ಲಬೇಕಾದದ್ದು, ಸುಮ್ಮನೆ ಕೇಳಿಸಿಕೊಂಡೆ. ಗೌರವ್ವ ಮೊದಲ ಸಲ ನನ್ನ ಕಡೆ ನೋಡಿ ನಕ್ಕಳು.

“ಹೂಂ. ಇದೂ ಕಚ್ಚತೈತಿ” ಎಂದಳು. ಮೊರ ಕೊಡವಿಕೊಂಡು ಎದ್ದು ಮನೆಗೆ ಹೋದಳು. ಒಪ್ಪಿಗೆ ಅಷ್ಟೇ.

ಹಳೆಯದಕ್ಕೆ ಮೊದಲ ಏಟು ಚನ್ನಬಸಪ್ಪ ತಾನೇ ಹಾಕುತ್ತೇನೆಂದ. ಪಿಕಾಸಿ ಎತ್ತಿದ, ನಡು ಹಿಡಿಯಿತು, ಗ್ಯಾಂಗಿನವನ ಕೈಗೆ ಕೊಟ್ಟ. ವರ್ಷವರ್ಷ ಬಡಿದ ಗರಸು ಕಲ್ಲಿನಷ್ಟು ಗಟ್ಟಿಯಾಗಿತ್ತು, ಗ್ಯಾಂಗಿನವರು ಅವನನ್ನು ಬೈದುಕೊಂಡೇ ಒಡೆದರು. ಆ ಗರಸನ್ನು ಎಲ್ಲಿ ಹಾಕುವುದು ಎಂಬ ಪ್ರಶ್ನೆ ಬಂತು. ಅಲ್ಲಿಯೇ ಶಾಲೆಯ ಎದುರು ತಂಗುದಾಣಕ್ಕೆ ಮಂಜೂರಾತಿ ಇತ್ತು. ಅದರ ಮುಂದೆ ರಸ್ತೆಯ ಅಂಚಿಗೆ ಒಂದು ಕಟ್ಟೆ ಕಟ್ಟಿಸಿ, ಹಿಂದಿನಿಂದ ಇಳಿಜಾರು ಕೊಟ್ಟು, ಒಳಗೆ ಆ ಗರಸನ್ನೇ ತುಂಬಿಸಿದೆ. ಕಟ್ಟೆಯ ಎತ್ತರ ಬ್ಯಾಟರಿ ಬಸ್ಸಿನ ನೆಲಕ್ಕೆ ಹೊಂದುವಷ್ಟು. ಆ ತಂಗುದಾಣದ ಬಯಲು ಯಾವ ಕಡೆ ಇರಬೇಕೆಂದು ಈ ಸಲ ಯಾರನ್ನೂ ಕೇಳಲಿಲ್ಲ.

ದೇಸಾಯಿ ಸಾಹೇಬರು ತಪಾಸಣೆಗೆ ಬಂದರು. ಹಂಪಿನ ಮೇಲೆ ನಡೆದರು, ಕಟ್ಟೆ ಹತ್ತಿ ಇಳಿದರು.

“ದುರಸ್ತಿ ಅಂತ ಬರದೀರಿ. ಇದು ದುರಸ್ತಿ ಏನ್ರಿ?”

“ಸ್ವಲ್ಪ ಜಾಸ್ತಿ ದುರಸ್ತಿ ಆಗೈತ್ರಿ.”

“ನಾ ಏನೂ ನೋಡಿಲ್ಲ” ಎಂದು ಸಹಿ ಹಾಕಿದರು. ಹೋಗುವಾಗ ಜೀಪಿನಿಂದ ತಲೆ ಹೊರಗೆ ಹಾಕಿ ಇನ್ನೊಮ್ಮೆ ನೋಡಿದರು.

ಬಸ್ಸು ಮತ್ತೆ ಚಿಗಳ್ಳಿಗೆ ಹೋಯಿತು. ಉಳಿದ ತಿಂಗಳುಗಳು ಎಲ್ಲ ಸುತ್ತೂ ನೆಟ್ಟಗೆ ನಡೆದವು. ನೀಲವ್ವ ಅಂಗಡಿಗೆ ಎರಡನೆಯ ಮಿಷನ್ ತಂದಳು. ಅವಳಣ್ಣ ಬಾಯಿ ಮುಚ್ಚಿಕೊಂಡ.

ಆಮೇಲೆ ಬಸ್ಸು ಹೋಯಿತು.

ಪರೀಕ್ಷೆ ಯಶಸ್ವಿ, ಆದ್ದರಿಂದ ಜನ ಹೆಚ್ಚಿರುವ ನಗರಕ್ಕೆ ಬಸ್ಸನ್ನು ಕಳಿಸಲಾಗುವುದು ಎಂದು ಆದೇಶದಲ್ಲಿ ಬರೆದಿತ್ತು. ಸೋತಿದ್ದರೂ ಹೋಗುತ್ತಿತ್ತು, ಗೆದ್ದರೂ ಹೋಯಿತು. ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದವರು ಯಾರೂ ಬೀಳ್ಕೊಡಲು ಬರಲಿಲ್ಲ. ನಾನು ಕಟ್ಟಿಸಿದ ಶೆಡ್ಡಿನಲ್ಲಿ ಸೈಕಲ್ಲುಗಳು ನಿಂತವು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಕಚೇರಿಯಲ್ಲಿ ಸಿಕ್ಕವರ ಮೇಲೆಲ್ಲ ಹರಿಹಾಯ್ದೆ, ಅವರಿಗೂ ಅದಕ್ಕೂ ಸಂಬಂಧವಿರಲಿಲ್ಲ. ನೀಲವ್ವನಿಗೆ ಬೇರೆಯವರಿಂದ ತಿಳಿಯುವುದು ಬೇಡವೆಂದು ನಾನೇ ಹೋಗಿ ಹೇಳಿದೆ.

ಅವಳು ದಾರ ಕಚ್ಚಿ ಹರಿದಳು. “ನಾಳೆ ಕೆಂಪ ಬಸ್ ಬರ್ತೈತೇನ್ರಿ ಅಕ್ಕಾರ?”

“ಬರ್ತೈತಿ.”

“ದಸ್ತಗೀರಣ್ಣಾನ ಇರ್ತಾನಿಲ್ಲೋ?”

“ಅವನ.”

“ಹಂಗಾದ್ರ ಅವಗ ಹೇಳ್ರಿ. ಬಸ್ ಕಟ್ಟೀಗೆ ಹಚ್ಚಿ ನಿಂದ್ರಸು ಅಂತ.”

ಮರುದಿನ ಬೆಳಿಗ್ಗೆ ನಾನು ಚಿಗಳ್ಳಿಗೆ ಹೋದೆ. ಬಸ್ಸಿನ ಮೈ ಗೀಚೀತೆಂದು ಚಾಲಕರು ಕಟ್ಟೆಯಿಂದ ದೂರವೇ ನಿಲ್ಲಿಸುತ್ತಾರೆ. ದಸ್ತಗೀರ್ ತಂದು ತಂದು, ಟೈರು ಕಟ್ಟೆಗೆ ಉಜ್ಜುವಂತೆ ನಿಲ್ಲಿಸಿದ. ಕಟ್ಟೆಯ ಮೇಲೆ ನಿಂತವಳಿಗೆ ಮೊದಲ ಮೆಟ್ಟಿಲು ಮುಂದಿತ್ತು, ಅದರ ಮೇಲಿನವು ಮಾತ್ರ ಇನ್ನೂ ಎತ್ತರವೇ. ನೀಲವ್ವ ಕೋಲನ್ನು ಒಳಗೆ ಒಗೆದಳು. ಬಾಗಿಲಿನ ಎರಡೂ ಕಂಬಿ ಹಿಡಿದಳು. ಹೊಲಿದು ಹೊಲಿದು ಗಟ್ಟಿಯಾದ ತೋಳು ಅವಳವು, ಆ ಬಲದಲ್ಲೇ ಒಂದೊಂದಾಗಿ ಏರಿದಳು. ಹೊತ್ತು ಹಿಡಿಯಿತು. ಒಳಗೆ ಯಾರೋ ಲೊಚಗುಟ್ಟಿದರು, ಯಾರೋ ಕೈ ಕೊಡಲು ಎದ್ದರು. ದಸ್ತಗೀರ್ ಇಂಜಿನ್ನನ್ನೇ ಬಂದ್ ಮಾಡಿದ.

“ಟೈಮ್ ಐತಿ. ಎಲ್ಲಾರೂ ಕುಂದರ್ರಿ” ಎಂದ.

ಅವಳು ಕೂತಳು. ಕಟ್ಟೆಯ ಹಿಂದೆ ನಿಂತಿದ್ದ ಚನ್ನಬಸಪ್ಪ, ಎತ್ತಲು ಬೇಕಾಗಬಹುದೆಂದು ಕಟ್ಟಿಕೊಂಡಿದ್ದ ನಡುವಿನ ಪಟ್ಟಿಯನ್ನು ಬಿಚ್ಚಿದ. ಗೌರವ್ವ ಹೊಸ ಹಂಪಿನ ಕಡೆ ನೋಡುತ್ತಿದ್ದಳು, ಲಾರಿ ಏನಾದರೂ ಬರುತ್ತಿದೆಯೇ ಎಂದು.

ನಿವೃತ್ತಿಗೆ ಮೊದಲು ಸನವಳ್ಳಿಯಲ್ಲೂ ಮುಂಡಗೋಡದ ನಿಲ್ದಾಣದಲ್ಲೂ ಅಂಥ ಕಟ್ಟೆ ಮಾಡಿಸಿದೆ. ಅವುಗಳಿಗೆ ಉದ್ಘಾಟನೆ ಆಗಲಿಲ್ಲ, ಯಾವ ವರದಿಯಲ್ಲೂ ಅವು ಇಲ್ಲ. ಆ ಹುಡುಗಿಯರಿಗೆ ಹೇಳಬೇಕಾದ್ದು ಬಹಳ ಇಲ್ಲ. ಬ್ಯಾಟರಿ ಬಸ್ಸು ಬೇಕು, ಜಗಳವಾಡಿಯಾದರೂ ತರಿಸಿ, ಬಂದದ್ದನ್ನು ನಾನು ಉಳಿಸಿಕೊಳ್ಳಲಾರದೆ ಹೋದೆ. ಬರುವವರೆಗೆ ನೆಲದ ಕೆಲಸ ಮಾಡಿಸಿಡಿ, ಅದನ್ನು ಯಾರೂ ವಾಪಸ್ಸು ಒಯ್ಯುವುದಿಲ್ಲ.

ಅವರು ಬಂದು ಹೋದ ಮೇಲೆ ಚಿಗಳ್ಳಿಗೆ ಹೋಗುವ ಮನಸ್ಸಾಯಿತು. ಗೌರವ್ವನನ್ನು ನೋಡಿ ಬಹಳ ದಿನವಾಗಿತ್ತು. ರೊಟ್ಟಿ, ಪುಂಡಿಪಲ್ಲೆ ಉಣ್ಣಿಸಿ ಅಲ್ಲೇ ಉಳಿಸಿಕೊಂಡರು. ಬೆಳಿಗ್ಗೆ ನೀಲವ್ವನ ಜೊತೆ ಕಟ್ಟೆಗೆ ಬಂದೆ. ನನ್ನ ಎರಡೂ ಮಂಡಿ ಈಗ ಸರಿಯಿಲ್ಲ, ಇಳಿಜಾರು ಹತ್ತುವಾಗಲೇ ಅವಳು ನನಗಾಗಿ ಎರಡು ಸಲ ನಿಂತಳು. ಕೆಂಪು ಬಸ್ಸು ಬಂತು. ಚಾಲಕ ಯಾರೋ ಹೊಸಬ, ದಸ್ತಗೀರನೂ ನಿವೃತ್ತನಾಗಿದ್ದಾನೆ. ಬಸ್ಸು ಮಾತ್ರ ಕಟ್ಟೆಗೆ ತಾಗಿಯೇ ನಿಂತಿತು. ದೂರ ನಿಲ್ಲಿಸಿದವರಿಗೆ ನೀಲವ್ವ ಏನು ಹೇಳುತ್ತಾಳೆಂಬುದು ಡಿಪೋದಲ್ಲಿ ಎಲ್ಲರಿಗೂ ಗೊತ್ತಿದೆಯಂತೆ.

ಅವಳು ಹತ್ತಿದಳು. ಹಿಂದೆ ನಾನು. ಮೊದಲ ಮೆಟ್ಟಿಲಲ್ಲಿ ಕಾಲಿಟ್ಟು ತಡವರಿಸಿದೆ. ಕಂಡಕ್ಟರು ಬಾಗಿ ನನ್ನ ರಟ್ಟೆಗೆ ಕೈ ಹಾಕಿದ, ಒಳ್ಳೆಯ ಹುಡುಗ.

ಒಳಗಿನಿಂದ ನೀಲವ್ವನ ದನಿ ಬಂತು.

“ಕೈ ತಗೀರಿ. ಅಕ್ಕಾರು ತಾವ ಹತ್ತತಾರ.”

ಅವನು ಕೈ ತೆಗೆದ. ಇಂಜಿನ್ ಬಂದ್ ಆಯಿತು. ನಾನು ಎರಡೂ ಕಂಬಿ ಹಿಡಿದುಕೊಂಡೆ.